ಕೊಕ್ಕರೆ ಸ್ಟೂಲು ಹತ್ತಿದ ಕೊಳ

ಮೇಸ್ತ್ರಮ್ಮ ಕಟ್ಟಿದ ತೊಟ್ಟಿ ಸೋರುತ್ತಿದೆ ಎಂದು ಇವತ್ತಿನವರೆಗೆ ಒಬ್ಬ ನರಪಿಳ್ಳೆಯೂ ಬಂದು ದೂರಿದ್ದಿಲ್ಲ. ಆಸ್ಪತ್ರೆಯ ಮಹಡಿ ಮೇಲಿನ ತೊಟ್ಟಿ ಅವಳದು, ಶಾಲೆಯ ಹಿಂದಿನದು ಅವಳದು. ಬಣ್ಣದ ಕಾರ್ಖಾನೆಯವರು ಮೂರು ಸಲ ಬೇರೆಯವರಿಂದ ಕಟ್ಟಿಸಿ, ಮೂರು ಸಲವೂ ಕೆಳಗಿನ ಕೋಣೆಯಲ್ಲಿ ನೀಲಿ ನೀರು ತುಳಿದಾಡಿ, ಕಡೆಗೆ ಕೈಮುಗಿದು ಕರೆಸಿಕೊಂಡದ್ದೂ ಅವಳನ್ನೇ. ನಲವತ್ತು ವರ್ಷದ ಕೆಲಸ, ಒಂದು ತೊಟ್ಟು ನೀರು ಹೊರಗೆ ಇಣುಕಿಲ್ಲ. ಆದರೂ ಜನರ ಬಾಯಿ ಕೇಳಬೇಕೆ? ಎದುರಿಗೆ ‘ಮೇಸ್ತ್ರಮ್ಮ’, ಬೆನ್ನು ತಿರುಗಿಸಿದರೆ ‘ಸೋರುಮೇಸ್ತ್ರಿ ಮಗಳು’.

ಆ ಹೆಸರು ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪನಿಗೆ ಬಂದದ್ದು ದೊಡ್ಡಮನೆಯ ತೋಟದ ಕೊಳದಿಂದ. ಆ ಕೊಳ ಯಾಕೆ ಸೋರಿತು ಎನ್ನುವುದು ಈ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಇಬ್ಬರೂ ಐವತ್ತು ವರ್ಷದಿಂದ ಬಾಯಿಗೆ ಬೀಗ ಜಡಿದುಕೊಂಡು, ಏನೂ ಅರಿಯದ ಮಳ್ಳಿಯರ ಹಾಗೆ ಬದುಕಿದ್ದರು. ಒಬ್ಬಳು ಮೇಸ್ತ್ರಮ್ಮನೇ. ಇನ್ನೊಬ್ಬರು ದೊಡ್ಡಮನೆಯ ಅಮ್ಮಾವ್ರು.

ಕೊಳದ ಕಥೆ ಮೊದಲು ಹೇಳಿಬಿಡುವುದೇ ಒಳ್ಳೆಯದು. ಅಮ್ಮಾವ್ರ ತಾತ ಕಟ್ಟಿಸಿದ್ದು. ಹನ್ನೆರಡು ಹೆಜ್ಜೆ ಅಗಲದ ಗುಂಡು ಕೊಳ, ಸುತ್ತ ಕೂರಲು ಅಗಲವಾದ ಕಲ್ಲಿನ ಅಂಚು. ನಡುವೆ ಟೊಳ್ಳು ಪೀಠ, ಪೀಠದ ಸುತ್ತ ಕಲ್ಲಿನ ತಾವರೆ ಎಲೆಗಳು, ಮೇಲೊಂದು ಕಲ್ಲಿನ ಕೊಕ್ಕರೆ. ನೀರು ತುಂಬಿದಾಗ ಪೀಠ ಪೂರ್ತಿ ಮುಳುಗಿ, ಕೊಕ್ಕರೆ ನೀರಿನ ಮೇಲೇ ಕಾಲೂರಿ ನಿಂತ ಹಾಗೆ ಕಾಣಬೇಕು. ಅದೇ ಅದರ ಸೊಗಸು. ನೋಡಲು ಬಂದವರು ‘ಆಹಾ’ ಅನ್ನುವುದೂ ಅಲ್ಲಿಗೇ.

ತಾತ ಹೋಗಿ ಅಮ್ಮಾವ್ರ ಅಪ್ಪ ಯಜಮಾನರಾದಾಗ ಒಳಗಿನ ಗಾರೆ ಹಳತಾಗಿ ಅಲ್ಲಲ್ಲಿ ಉದುರಿತ್ತು. ಹೊಸ ಗಾರೆ ಮಾಡಲು ಮೇಸ್ತ್ರಮ್ಮನ ಅಪ್ಪನನ್ನು ಕರೆಸಿದರು. ಯಜಮಾನರದು ಒಂದೇ ಕಟ್ಟಪ್ಪಣೆ: ಕೊಕ್ಕರೆಯನ್ನೂ ಅದರ ಪೀಠವನ್ನೂ ಯಾರೂ ಮುಟ್ಟಕೂಡದು. ಅಪ್ಪನ ಕೈ ಆ ಕಾಲಕ್ಕೆ ಹೆಸರಾದ ಕೈ. ಅವನಿಗೆ ಓದುಬರಹ ಬಾರದು. ಆದ್ದರಿಂದ ಕೆಲಸ ಮುಗಿಸಿ, ನೀರು ನಿಂತದ್ದು ನೋಡಿದ ಮೇಲೆ, ಒಂದು ಮೂಲೆಯಲ್ಲಿ ಹಸಿ ಗಾರೆ ಮೆತ್ತಿ ಎಡಗೈ ಹೆಬ್ಬೆರಳು ಒತ್ತಿಬಿಡುತ್ತಿದ್ದ. ಅದೇ ಅವನ ರುಜು. ಆ ಬೆರಳಿನ ತುದಿಯಲ್ಲಿ ಹಳೆಯ ಉಳಿಯೇಟಿನ ಸೀಳು ಇದ್ದುದರಿಂದ ಗುರುತು ಬೇರೆ ಯಾರದೂ ಆಗುವ ಹಾಗಿರಲಿಲ್ಲ.

ಅವ್ವ ಗಿರಣಿಗೆ ಹೋಗುತ್ತಿದ್ದಳು. ಹತ್ತು ವರ್ಷದ ಮಗಳನ್ನು ಮನೆಯಲ್ಲಿ ಒಬ್ಬಳೇ ಬಿಡುವುದು ಹೇಗೆಂದು ಅಪ್ಪ ಜೊತೆಗೇ ಕರೆದುಕೊಂಡು ಬರುತ್ತಿದ್ದ. ದೊಡ್ಡಮನೆಯಲ್ಲಿ ಅದೇ ವಯಸ್ಸಿನ ಒಬ್ಬಳೇ ಮಗಳು, ಈಗಿನ ಅಮ್ಮಾವ್ರು. ಪಾಠ ಹೇಳಲು ಮನೆಗೇ ಮೇಷ್ಟ್ರು, ನೋಡಿಕೊಳ್ಳಲು ಆಯಾ, ಆಡಲು ಮಾತ್ರ ಒಂದು ನರಪ್ರಾಣಿಯೂ ಇಲ್ಲ. ಎರಡು ಹುಡುಗಿಯರೂ ಮೊದಲ ದಿನ ದುರುಗುಟ್ಟಿಕೊಂಡು ನೋಡಿದರು, ಎರಡನೆಯ ದಿನ ಕೂದಲು ಹಿಡಿದು ಎಳೆದಾಡಿದರು, ಮೂರನೆಯ ದಿನದಿಂದ ಒಬ್ಬಳನ್ನು ಬಿಟ್ಟು ಇನ್ನೊಬ್ಬಳಿಲ್ಲ.

ಕೆಲಸ ಮುಗಿದು, ಕೊಳಕ್ಕೆ ನೀರು ಬಿಟ್ಟ ದಿನ ಇಬ್ಬರೂ ಪೀಠದ ಹಿಂಬದಿಗೆ ಹೋಗಿದ್ದರು. ದೊಡ್ಡಮನೆಯವಳಿಗೆ ಪಾಚಿ ಕಂಡರೆ ವಾಕರಿಕೆ, ಹೊಸ ಕೊಳದಲ್ಲಿ ಪಾಚಿ ಎಲ್ಲಿಂದ ಬರಬೇಕು ಎಂದರೂ ಕೇಳದೆ ಬೂಟು ಹಾಕಿಕೊಂಡೇ ನೀರಿಗಿಳಿಯುತ್ತಿದ್ದಳು. ಕಲ್ಲಿನ ಎಲೆಯ ಕೆಳಗೆ ಕೈ ತೂರಿಸಿದ ಮೇಸ್ತ್ರಿ ಮಗಳಿಗೆ ಒಂದು ಬೂಚು ಸಿಕ್ಕಿತು. ತಾತನ ಕಾಲದಲ್ಲಿ ಏನೋ ಇನ್ನೊಂದು ನಲ್ಲಿ ಕೂರಿಸಲೆಂದು ಬಿಟ್ಟ ತೂತು, ಕೂರಿಸದೆ ಮರೆತು ಬೂಚು ಜಡಿದದ್ದು. ಮಕ್ಕಳ ಕೈಗೆ ಬೂಚು ಸಿಕ್ಕಿದರೆ ಏನು ಮಾಡುತ್ತವೆ? ಎಳೆದಳು.

ಮಾರನೆಯ ಬೆಳಗ್ಗೆ ನೀರು ಒಂದು ಗೇಣು ಇಳಿದಿತ್ತು. ಪೀಠ ಹೊರಗೆ ಬಂದು, ನೀರಿನ ಮೇಲೆ ತೇಲಬೇಕಾದ ಕೊಕ್ಕರೆ ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದ ಹಾಗೆ ನಿಂತಿತ್ತು. ಯಜಮಾನರು ಕೆಂಡವಾದರು, ಅಪ್ಪನಿಗೆ ಮತ್ತೆ ಬುಲಾವು ಹೋಯಿತು. ಅಪ್ಪ ಬಂದ ಎಂದರೆ ಮಗಳೂ ಬಂದಳು. ಆಗ ದೊಡ್ಡಮನೆಯವಳ ತಲೆಯಲ್ಲಿ ಮಿಂಚಿತು.

“ನೋಡೇ, ಬೂಚು ತೆಗೆದ್ರೆ ನಿಮ್ಮಪ್ಪ ಬರ್ತಾರೆ. ನಿಮ್ಮಪ್ಪ ಬಂದ್ರೆ ನೀನು ಬರ್ತೀಯ.”

ಇಷ್ಟೇ. ಇದರ ಮೇಲೆ ಎರಡು ವರ್ಷ ನಡೆಯಿತು ಆ ಆಟ. ಮೇಸ್ತ್ರಿ ಮಗಳು ಬಂದ ತಕ್ಷಣ ಯಾರೂ ಕಾಣದ ಹಾಗೆ ಬೂಚು ಹಾಕುವುದು. ಅಪ್ಪ ನೀರು ತುಂಬಿಸಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೂರು ದಿನ ಅಂಚಿನ ಮೇಲೆ ಕೂತು ಕಣ್ಣು ಮಿಟುಕಿಸದೆ ಕಾಯುವುದು. ನೀರು ಗೆರೆ ಬಿಟ್ಟು ಕೂದಲೆಳೆಯಷ್ಟೂ ಕದಲದು. ಅಪ್ಪ ಚೀಲ ಹೆಗಲಿಗೇರಿಸಿಕೊಂಡು ಹೋಗುವುದು. ಮೂರು ವಾರಕ್ಕೆ ದೊಡ್ಡಮನೆಯವಳಿಗೆ ಬೇಸರವಾಗುವುದು, ಬೂಚು ಹೊರಗೆ ಬರುವುದು, ಕೊಕ್ಕರೆ ಸ್ಟೂಲು ಹತ್ತುವುದು. ಒದ್ದೆ ಬೂಟು ಪಚಪಚ ಎನ್ನಿಸಿಕೊಂಡು ಮನೆಯೊಳಗೆ ಹೋದವಳಿಗೆ ಆಯಾ ಬೈದದ್ದೆಷ್ಟೋ! ಆ ಬೂಟಿಗೂ ಕೊಳಕ್ಕೂ ನಂಟಿದೆ ಎಂದು ಮಾತ್ರ ಆ ಮನೆಯ ಒಂದು ತಲೆಗೂ ಹೊಳೆಯಲಿಲ್ಲ.

“ನಾನಿದ್ದಾಗ ಸೋರಲ್ಲ ಸ್ವಾಮಿ, ನಾನು ಹೋದ ಮೇಲೆ ಸೋರುತ್ತೆ” ಎಂದು ಅಪ್ಪ ಹೇಳಿದ್ದೇ ತಡ, ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಾಡಿಗೆ ಕೊಡದವನು, ಕೆಲಸ ಕೆಡಿಸಿದವನು, ಪಾತ್ರೆ ಒಡೆದವಳು ಎಲ್ಲರೂ ನೆಪಕ್ಕೆ ಅದೇ ಮಾತು ಆಡತೊಡಗಿದರು.

ಆ ಮೂರು ಮೂರು ದಿನಗಳಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಅಪ್ಪನ ಸೀಮೆಸುಣ್ಣದ ತುಂಡು ಕದ್ದು, ಕೊಳದ ಅಂಚಿನ ಕಲ್ಲಿನ ಮೇಲೆ ದೊಡ್ಡಮನೆಯವಳು ಮೇಷ್ಟ್ರ ಹಾಗೆ ಮೂಗು ಏರಿಸಿಕೊಂಡು ಅಕ್ಷರ ಬರೆಯುತ್ತಿದ್ದಳು, ಮೇಸ್ತ್ರಿ ಮಗಳು ತಿದ್ದುತ್ತಿದ್ದಳು. ವರ್ಷ ತುಂಬುವುದರೊಳಗೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡನ್ನು ಅವಳು ಗಟ್ಟಿಯಾಗಿ ಓದಿ ಅಪ್ಪನಿಗೆ ಹೇಳತೊಡಗಿದಳು. ಉದ್ದನೆಯ ಬೋರ್ಡು ಬಂದರೆ ಅಪ್ಪ ನಡಿಗೆ ನಿಧಾನ ಮಾಡುತ್ತಿದ್ದ. ಸುಸ್ತಾಗಿದೆ ಪಾಪ ಎಂದುಕೊಳ್ಳುತ್ತಿದ್ದಳು ಅವಳು.

ಆಟ ಮುಗಿದದ್ದು ಒಂದು ಬೆಳಗ್ಗೆ. ಯಜಮಾನರು ತೋಟದ ಆಳುಗಳೆಲ್ಲರ ಎದುರು ಅಪ್ಪನ ಮೇಲೆ ಕೂಗಾಡಿದರು. “ನಿನ್ನ ಕೈಯಲ್ಲಿ ನೀರು ನಿಲ್ಲಲ್ಲ ಕಣಯ್ಯ. ಇನ್ಮೇಲೆ ಗೋಡೆ ಕಟ್ಕೊಂಡಿರು. ನೀರಿನ ಕೆಲಸಕ್ಕೆ ನಿನ್ನ ಯಾರಾದ್ರೂ ಕರೆದ್ರೆ ನನ್ನ ಹತ್ರ ಕಳಿಸು, ನಾನು ಹೇಳ್ತೀನಿ ಅವರಿಗೆ!” ಬೇಲಿಯ ಮರೆಯಲ್ಲಿ ಕೂತು ಇಬ್ಬರೂ ಹುಡುಗಿಯರು ಅದನ್ನು ಕೇಳಿದರು. ಒಬ್ಬಳ ಕೈಯನ್ನು ಇನ್ನೊಬ್ಬಳು ಹಿಂಡಿ ಹಿಡಿದಿದ್ದಳು. ಎದ್ದು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಕೊಳಕ್ಕೆ ಮಣ್ಣು ತುಂಬಿ ಗುಲಾಬಿ ನೆಟ್ಟರು, ದೊಡ್ಡಮನೆಯವಳನ್ನು ದೂರದ ಶಾಲೆಗೆ ಸೇರಿಸಿದರು, ಅಪ್ಪ ಸಾಯುವವರೆಗೆ ಗೋಡೆ ಕಟ್ಟಿದ. ಮೇಸ್ತ್ರಮ್ಮ ಹಟ ಹಿಡಿದು ತೊಟ್ಟಿಯ ಕೆಲಸವನ್ನೇ ಕಲಿತದ್ದು ಯಾಕೆ ಎಂದು ಈಗ ಬಿಡಿಸಿ ಹೇಳಬೇಕಿಲ್ಲ. ಆ ಬೆಳಗು ನೆನಪಾದರೆ ಅವಳಿಗೆ ಈಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು.

ಇಷ್ಟಾಗಿ ಐವತ್ತು ವರ್ಷ. ದೊಡ್ಡಮನೆಯ ಅಮ್ಮಾವ್ರು ತೋಟವನ್ನು ಎಲ್ಲರಿಗೂ ತೆರೆಯಬೇಕು, ಕೊಳವನ್ನು ಮೊದಲಿನ ಹಾಗೆ ಮಾಡಿಸಬೇಕು ಎಂದು ನಿಶ್ಚಯಿಸಿದರು. ಅದಕ್ಕೆಂದು ಬಂದ ಇಂಜಿನಿಯರು ಗುಲಾಬಿ ಕೀಳಿಸಿ ಮಣ್ಣು ತೆಗೆಸಿ, ಊರಲ್ಲಿ ನೀರಿನ ಕೆಲಸಕ್ಕೆ ಯಾರು ಎಂದು ವಿಚಾರಿಸಿದ. ಹತ್ತು ಜನ ಒಂದೇ ಹೆಸರು ಹೇಳಿದರು. ಹೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ನಕ್ಕರಂತೆ.

ಮೇಸ್ತ್ರಮ್ಮ ಕೊಳದ ಅಂಚಿಗೆ ಬಂದು ನಿಂತಾಗ ಇಂಜಿನಿಯರು ಒಂದು ಹಾಳೆ ಕೈಗಿಟ್ಟ. ಹಳೆಯ ಕಾಗದಪತ್ರ ನೋಡಿ ಅವನೇ ಬರೆದ ಕೊಳದ ಇತಿಹಾಸ. ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸಬೇಕಂತೆ. ಅವಳು ಓದಿದಳು. ‘ಕಳಪೆ ಗಾರೆ ಕೆಲಸದಿಂದಾಗಿ ಕೊಳ ಸೋರತೊಡಗಿದ್ದರಿಂದ ಮುಚ್ಚಲಾಯಿತು.’

“ಈ ಸಾಲು ತೆಗೀರಿ” ಎಂದಳು.

“ಯಾಕಮ್ಮಾ? ದಾಖಲೆ ಇದೆಯಲ್ಲ.”

“ಆ ಕಳಪೆ ಕೆಲಸದವನು ನಮ್ಮಪ್ಪ. ಬಾಯಲ್ಲಿ ಆಡ್ಕೊಂಡಿದ್ದು ಸಾಲದು ಅಂತ ಕಲ್ಲಲ್ಲಿ ಬೇರೆ ಕೆತ್ತಿಸ್ತೀರಾ? ಈ ಸಾಲಿದ್ರೆ ನಾನು ಕರಣೆ ಮುಟ್ಟಲ್ಲ.”

ಇಂಜಿನಿಯರು ಪೇಚಿಗೆ ಸಿಕ್ಕಿದ. “ಕೊಳ ಸೋರಿದ್ದಂತೂ ನಿಜ ತಾನೆ? ಗಾರೆಯಿಂದ ಅಲ್ಲ ಅಂದ್ರೆ ಇನ್ಯಾವುದರಿಂದ? ಏನಾದ್ರೂ ಆಧಾರ ಕೊಡಿ, ಈಗಲೇ ಹೊಡೆದು ಹಾಕ್ತೀನಿ.”

ಆಧಾರ ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ, ಬೆತ್ತದ ಕುರ್ಚಿಯಲ್ಲಿ ಕೂತು, ಎಂದೂ ಇಲ್ಲದ ಆಸಕ್ತಿಯಿಂದ ಮರದ ತುದಿ ನೋಡುತ್ತಿತ್ತು. ಮೇಸ್ತ್ರಮ್ಮ ಸೀದಾ ಅದರ ಮುಂದೆ ಹೋಗಿ ನಿಂತಳು.

“ಅಮ್ಮಾವ್ರೆ, ಒಂದು ಮಾತು. ಒಳಗೆ ಬನ್ನಿ.”

ಒಳಗೆ ಬಂದು ಬಾಗಿಲು ಹಾಕಿದ ಕೂಡಲೇ ‘ಅಮ್ಮಾವ್ರು’ ಗಾಳಿಗೆ ಹಾರಿಹೋದರು.

“ಬಾಯಿ ಬಿಡೇ! ಮರ ನೋಡ್ತಾಳೆ ಮರ!”

“ನಾನೇನು ಹೇಳ್ಲಿ? ಮೊದಲು ಎಳೆದಿದ್ದು ನೀನು.”

“ಎಳೀತಾ ಇರೋಣ ಅಂತ ಐಡಿಯಾ ಕೊಟ್ಟಿದ್ದು ನೀನು. ಎರಡು ವರ್ಷ ಎಳೆದಿದ್ದೂ ನೀನೇ.”

“ವಾಪಸ್ಸು ಹಾಕಿದ್ದು ಯಾರು? ನೀನು ಹಾಕದೆ ಇದ್ದಿದ್ರೆ ನಿಮ್ಮಪ್ಪ ಮೊದಲ್ನೇ ದಿನಾನೇ ಕಂಡು ಹಿಡೀತಿದ್ರು!”

ಅರವತ್ತು ದಾಟಿದ ಇಬ್ಬರು ಹೆಂಗಸರು ಮುಖ ಊದಿಸಿಕೊಂಡು ಎದುರುಬದುರು ಕೂತರು. ಕಡೆಗೆ ಅಮ್ಮಾವ್ರೇ ಮೆಲ್ಲಗೆ ಹೇಳಿದರು: “ನಿಮ್ಮಪ್ಪನ ಹೆಸರು ತೊಳೆಯೋಕೆ ಹೋದ್ರೆ ನಮ್ಮಪ್ಪನ ಮುಖಕ್ಕೆ ಮಸಿ ಕಣೆ. ಅಷ್ಟು ಜನರ ಮುಂದೆ ತಪ್ಪಿಲ್ಲದವರನ್ನ ಬೈದ್ರು, ಅದೂ ಮಗಳ ಕಿತಾಪತಿಗೆ, ಅಂತ ಕಲ್ಲಲ್ಲಿ ಬರೆಸ್ಲಾ? ನನಗೂ ಇರೋದು ಒಬ್ರೇ ಅಪ್ಪ.”

ಮೇಸ್ತ್ರಮ್ಮ ಎದ್ದು ಬಂದಳು. ಮನೆಗೆ ಹೋಗಿ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ದರ್ಜಿ ಗಂಡನಿಗೆ ಎಲ್ಲವನ್ನೂ ಮೊದಲ ಸಲ ಹೇಳಿದಳು. ಅವನ ಕಾಲು ತುಳಿಯುವುದನ್ನು ನಿಲ್ಲಿಸಿತು.

“ಅಯ್ಯೋ ಪಾಪಿ! ನಿಮ್ಮಪ್ಪನ್ನ ನಾನೂ ಆಡ್ಕೊಂಡು ನಕ್ಕಿದ್ದೆನಲ್ಲೇ, ಮದುವೆಗೆ ಮುಂಚೆ.”

“ಗೊತ್ತು. ಮದುವೆ ಆದ ಮೇಲೂ ನಕ್ಕಿದ್ದೀರಿ, ಅದೂ ಗೊತ್ತು” ಎಂದಳು ಅವಳು. “ನಾಳೆ ಕೆಲಸಕ್ಕೆ ಹೋಗ್ತೀನಿ ರೀ. ಕೊಕ್ಕರೆ ಇಳಿಸಲೇಬೇಕು, ಒಳಗಿನ ಪೈಪು ತುಕ್ಕು ಹಿಡಿದಿದೆ. ತೂತು ತಾನಾಗೇ ಕಾಣುತ್ತೆ. ಇಂಜಿನಿಯರ್‌ಗೆ ಅದೇ ಆಧಾರ. ಆಮೇಲೆ ಕೇಳಿದ್ರೆ ನಾನು ಮಾಡಿದ್ದು ನಾನು ಒಪ್ಕೊಳ್ತೀನಿ. ಅವಳ ಸುದ್ದಿ ಅವಳಿಗೆ ಬಿಟ್ಟಿದ್ದು.”

ಕೊಕ್ಕರೆ ಇಳಿದ ದಿನ ಬಿಸಿಲು ಚೆನ್ನಾಗಿತ್ತು. ಹಗ್ಗ ಕಟ್ಟಿ, ನಾಲ್ಕು ಜನ ಹಿಡಿದು, ಮಗುವನ್ನು ಮಲಗಿಸುವ ಹಾಗೆ ಹುಲ್ಲಿನ ಮೇಲೆ ಮಲಗಿಸಿದರು. ಇಂಜಿನಿಯರು ಟೊಳ್ಳು ಪೀಠದೊಳಗೆ ಟಾರ್ಚು ಬಿಟ್ಟು ಇಣುಕಿ, “ಅರೆ!” ಎಂದ. “ಇಲ್ಲೊಂದು ತೂತಿದೆ. ಎಲೆ ಕೆಳಗೆ. ಆದ್ರೆ ಇದು ಒಡೆದ ತೂತಲ್ಲಮ್ಮಾ, ಯಾರೋ ಪುಣ್ಯಾತ್ಮ ಒಳಗೂ ಹೊರಗೂ ಗಾರೆ ಮಾಡಿದ್ದಾನೆ. ಏನು ನುಣುಪು! ಇಡೀ ಕೊಳದಲ್ಲಿ ಇಂಥ ಕೆಲಸ ಎಲ್ಲೂ ಇಲ್ಲ.”

ಮೇಸ್ತ್ರಮ್ಮ ನಕ್ಕಳು. ಗಾರೆಯಂತೆ! ಅವಳಿಗೆ ಗೊತ್ತಿಲ್ಲದ ತೂತೇ ಅದು? ಮೊದಮೊದಲು ಅದರ ಬಾಯಿ ಒಡೆದ ಇಟ್ಟಿಗೆಯದು, ಚೂಪುಚೂಪು. ಬೂಚು ಹಾಕುವಾಗ ಒಮ್ಮೆ ಬೆರಳು ಸೀಳಿ ರಕ್ತ ಬಂದಿತ್ತು. ಆಟ ಆಡುವಾಗ ಬಿದ್ದೆ ಎಂದು ಅಪ್ಪನಿಗೆ ಸುಳ್ಳು ಹೇಳಿದ್ದಳು. ಅಪ್ಪ ಗಾಯ ತೊಳೆದು, ಅದರೊಳಗಿನ ಕೆಂಪು ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿ, ಬಟ್ಟೆ ಸುತ್ತಿ ಕಳಿಸಿದ್ದ. ಆಮೇಲಿನ ತಿಂಗಳು ಬಂದಾಗ ತೂತಿನ ಬಾಯಿ ಮೃದುವಾಗಿತ್ತು. ನೀರು ಹರಿದು ಹರಿದು ಸವೆದಿದೆ ಎಂದು ಇಬ್ಬರೂ ಹುಡುಗಿಯರು ತೀರ್ಮಾನಿಸಿದ್ದರು.

ಹಾಗೆ ನೆನೆದವಳ ನಗು ಅಲ್ಲಿಗೇ ನಿಂತಿತು. ನಲವತ್ತು ವರ್ಷ ಗಾರೆ ಕಲಸಿದವಳು ಅವಳು. ನೀರು ಇಟ್ಟಿಗೆಯನ್ನು ಒಂದು ತಿಂಗಳಲ್ಲಿ ಸವೆಸುತ್ತದೆಯೇ? ಹತ್ತು ವರ್ಷದ ಹುಡುಗಿಗೆ ಹೊಳೆದ ಉತ್ತರವನ್ನು ಅವಳು ಇಷ್ಟು ಕಾಲ ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಕೊಳಕ್ಕಿಳಿದು ಮೊಣಕಾಲೂರಿ ಎಲೆಯ ಕೆಳಗೆ ಕೈ ತೂರಿಸಿದಳು. ಮಗುವಿನ ಬೆರಳಿಗೆ ತಾಗಬಾರದೆಂದು ತೂತಿನ ಅಂಚನ್ನು ದುಂಡಗೆ ತಿರುಗಿಸಿ ತಿಕ್ಕಿದ್ದರು. ಅದರ ಪಕ್ಕದಲ್ಲೇ, ಬೆರಳ ತುದಿಗೆ ಒಂದು ಸಣ್ಣ ಹಳ್ಳ ಸಿಕ್ಕಿತು. ಹಳ್ಳದ ನಡುವೆ ಒಂದು ಗೀರು, ಹಳೆಯ ಉಳಿಯೇಟಿನ ಸೀಳು.

ಇಡೀ ಕೊಳದಲ್ಲಿ ಅಪ್ಪ ಎಲ್ಲೂ ಹೆಬ್ಬೆರಳು ಒತ್ತಿರಲಿಲ್ಲ. ಸೋರುವ ಕೆಲಸಕ್ಕೆ ಗುರುತು ಹಾಕಲ್ಲ ಎಂದಿದ್ದ. ಒತ್ತಿದ್ದು ಇಲ್ಲಿ, ಮುಟ್ಟಬಾರದೆಂದು ಯಜಮಾನರು ಕಟ್ಟಪ್ಪಣೆ ಮಾಡಿದ್ದ ಪೀಠದ ಬೆನ್ನಿಗೆ.

“ಗೊತ್ತಿತ್ತು ಕಣೆ” ಎಂದಳು ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಅಮ್ಮಾವ್ರಿಗೆ, ಇಂಜಿನಿಯರು ಇರುವುದನ್ನೂ ಮರೆತು. “ಅಪ್ಪನಿಗೆ ಎಲ್ಲಾ ಗೊತ್ತಿತ್ತು. ತೂತು ಮುಚ್ಚಿದ್ರೆ ಅವತ್ತೇ ಹೆಸರು ಉಳೀತಿತ್ತು. ಮುಚ್ಚಲಿಲ್ಲ ನೋಡು. ನಮ್ಮ ಕೈಗೆ ಗಾಯ ಆಗದ ಹಾಗೆ ಮಾಡಿಟ್ಟು ಹೋದ.”

ಅಮ್ಮಾವ್ರು ಕುರ್ಚಿಯಿಂದ ಎದ್ದು ಬಂದರು. ಬೂಟುಗಾಲಲ್ಲೇ ಒಣಕೊಳಕ್ಕೆ ಇಳಿದು, ಅವಳ ಪಕ್ಕ ಬಗ್ಗಿ ಕೈ ಹಾಕಿದರು. ಅವರ ಬೆರಳೂ ಆ ಹಳ್ಳದ ಮೇಲೆ ನಿಂತಿತು. ಮೇಸ್ತ್ರಮ್ಮನಿಗೆ ದಾರಿಯ ಅಂಗಡಿ ಬೋರ್ಡುಗಳು ಒಂದೊಂದಾಗಿ ನೆನಪಾದವು, ಪಕ್ಕದಲ್ಲಿ ನಡಿಗೆ ನಿಧಾನ ಮಾಡುತ್ತಿದ್ದ ಅಪ್ಪನೂ. ಅಪ್ಪನಿಗೆ ಸುಸ್ತಾಗಿರಲಿಲ್ಲ, ಮಗಳು ಓದಿ ಮುಗಿಸಲಿ ಎಂದು ಕಾಯುತ್ತಿದ್ದ. ಊರು ನಗುವಾಗ ‘ನಾನಿದ್ದಾಗ ಸೋರಲ್ಲ’ ಎಂದು ಅವಳ ಕಡೆ ನೋಡಿಯೇ ಹೇಳುತ್ತಿದ್ದನಲ್ಲ! ಅವಳು ಅಳುತ್ತ ನಕ್ಕಳು, ನಗುತ್ತ ಅತ್ತಳು. ಇಂಜಿನಿಯರಿಗೆ ತಲೆ ಬುಡ ತಿಳಿಯಲಿಲ್ಲ.

ಆಮೇಲೆ ಅವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಅವನು ಬಾಯಿ ಬಿಟ್ಟುಕೊಂಡು ಕೇಳಿ, ಕಡೆಗೆ ತನ್ನ ಕೆಲಸ ನೆನಪಾಗಿ, “ಸರಿ, ಈ ತೂತು ಮುಚ್ಚಿಬಿಡೋಣ ಹಾಗಾದ್ರೆ” ಎಂದ.

“ಮುಚ್ಚಿ ನೋಡಿ!” ಎಂದರು ಇಬ್ಬರೂ ಒಟ್ಟಿಗೆ.

ಕೊಳ ತೊಳೆಯುವಾಗ ನೀರು ಇಳಿಸಲು ಬೇಕಾಗುತ್ತದೆ ಎಂದು ಮೇಸ್ತ್ರಮ್ಮ ಒಂದು ಕಾರಣ ಕೊಟ್ಟಳು. ಅದರಲ್ಲಿ ಸತ್ಯ ಅರ್ಧ ಮಾತ್ರ ಇತ್ತು, ಅವನು ಪೂರ್ತಿ ಒಪ್ಪಿಕೊಂಡ. ಹೊಸ ಬೂಚನ್ನು ಅವಳೇ ಕೆತ್ತಿದಳು, ದರ್ಜಿ ಗಂಡ ಮೇಣ ಹಚ್ಚಿದ ದಾರ ಸುತ್ತಿಕೊಟ್ಟ. ಸುತ್ತುವಾಗ, “ಮಾವನ ಲೆಕ್ಕಕ್ಕೆ ನಂದೂ ಇರಲಿ” ಎಂದ.

ತೋಟ ತೆರೆದ ದಿನ ಊರಿನವರು ಬಂದು ಕೊಳದ ಸುತ್ತ ನೆರೆದರು. ಕೊಕ್ಕರೆ ನೀರಿನ ಮೇಲೆ ನಿಂತಿತ್ತು. ಪಕ್ಕದ ಕಲ್ಲಿನ ಮೇಲೆ ಅಮ್ಮಾವ್ರು ತಾವೇ ಬರೆದು ಕೆತ್ತಿಸಿದ್ದ ಮಾತಿತ್ತು: ‘ಈ ಕೊಳ ಸೋರಿದ್ದು ಗಾರೆಯ ದೋಷದಿಂದಲ್ಲ. ಮನೆಯ ಮಗಳು ಬೂಚು ತೆಗೆಯುತ್ತಿದ್ದಳು. ಮೇಸ್ತ್ರಿಗೆ ಅದು ಗೊತ್ತಿತ್ತು. ಅವರ ಕೆಲಸ ಎಂದೂ ಸೋರಿಲ್ಲ.’ ಓದಿದವರೊಬ್ಬರೂ ಜೋರಾಗಿ ನಗಲಿಲ್ಲ. ಹಿಂದೆ ನಕ್ಕಿದ್ದ ಮುದುಕರು ಮಾತ್ರ ನೆಲ ನೋಡಿದರು. ಮೇಸ್ತ್ರಮ್ಮ ಎರಡು ಸಲ ಓದಿ, ಕಣ್ಣೊರೆಸಿಕೊಂಡು, ಅಮ್ಮಾವ್ರ ಕಿವಿಯ ಹತ್ತಿರ ಬಗ್ಗಿದಳು.

“ನನ್ನ ಯಾಕೆ ಬಿಟ್ಟೆ? ಎಲ್ಲಾ ನೀನೊಬ್ಳೇ ಮಾಡಿದ ಹಾಗೆ ಬರೆಸ್ಕೊಂಡಿದ್ದೀಯಲ್ಲ!”

“ಕಲ್ಲು ಸಾಕಾಗಲಿಲ್ಲ” ಎಂದರು ಅಮ್ಮಾವ್ರು ಮರದ ತುದಿ ನೋಡುತ್ತ.

ಮೂರು ವಾರ ಕಳೆಯಿತು. ಒಂದು ಬೆಳಗ್ಗೆ ಮೇಸ್ತ್ರಮ್ಮನ ಫೋನು ಬಡಿದುಕೊಂಡಿತು. ಇಂಜಿನಿಯರು.

“ಮೇಸ್ತ್ರಮ್ಮಾ, ಕೊಕ್ಕರೆ ಸ್ಟೂಲು ಹತ್ತಿದೆ!”

ಅವಳು ಕಟ್ಟಿದ್ದು ಸೋರುವುದೆ! ನಲವತ್ತು ವರ್ಷದಲ್ಲಿ ಮೊದಲ ಸಲ. ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟಳು. ಇಟ್ಟವಳು ಒಂದು ಕ್ಷಣ ಯೋಚಿಸಿದಳು.

“ಅಮ್ಮಾವ್ರು ಏನಂತಾರೆ?”

“ಅವರಿಗೆ ಚಿಂತೇನೇ ಇಲ್ಲ! ಮೇಸ್ತ್ರಮ್ಮನ್ನ ಕರೆಸಿ, ಗೆರೆ ಎಳೆದು ಮೂರು ದಿನ ಕೂತು ನೋಡ್ಲಿ ಅಂತಾರೆ.”

“ಒಂದು ಕೆಲಸ ಮಾಡಿ. ಅವರ ಬೂಟು ಎಲ್ಲಿದೆ ನೋಡಿ ಬನ್ನಿ.”

ಅವನು ಹೋಗಿ ನೋಡಿ ಬಂದ. “ಮೆಟ್ಟಿಲ ಮೇಲೆ ಬಿಸಿಲಿಗೆ ಇಟ್ಟಿದ್ದಾರೆ. ಒದ್ದೆ ಆಗಿದೆ. ಯಾಕಮ್ಮಾ?”

“ಏನಿಲ್ಲ. ಬರ್ತೀನಿ ಅಂತ ಹೇಳಿ.”

“ಏನಂತೆ?” ಎಂದ ದರ್ಜಿ, ಸೂಜಿಗೆ ದಾರ ಪೋಣಿಸುತ್ತ.

“ಸೋರ್ತಿದೆಯಂತೆ ರೀ. ಮೂರು ದಿನ ಬರಲ್ಲ, ಅಡಿಗೆ ನೀವೇ ನೋಡ್ಕೊಳ್ಳಿ” ಎಂದಳು ಸೋರುಮೇಸ್ತ್ರಿ ಮಗಳು. ಚೀಲದಿಂದ ಕರಣೆ, ರಸಮಟ್ಟ ಎಲ್ಲ ತೆಗೆದು ಮೂಲೆಗಿಟ್ಟಳು. ಎರಡು ತುಂಡು ಸೀಮೆಸುಣ್ಣ ಮಾತ್ರ ಹಾಕಿಕೊಂಡು ಹೊರಟಳು.